ಪ್ರಯೋಗಶಾಲೆಯ ವಿದ್ಯುತ್ ಪೆಟ್ಟಿಗೆ: ರಚನೆಯನ್ನು ಪರೀಕ್ಷಿಸುವ ಬಗೆ

ರೇಡಿಯೊ, ಸಣ್ಣ ಮೋಟರು, ಟ್ರಾನ್ಸಿಸ್ಟರ್ ಮಂಡಲ ಮುಂತಾದವುಗಳೊಡನೆ ಪ್ರಯೋಗ ನಡೆಸುವ ವಿದ್ಯಾರ್ಥಿಗೆ ಬೇಕಾದ ವಿಭವವನ್ನು ಬೇಕಾದಂತೆ ಕೊಡಬಲ್ಲ ವಿದ್ಯುತ್ ಪೆಟ್ಟಿಗೆಯೊಂದು ಅತ್ಯವಶ್ಯಕ. ಅದನ್ನು ಮನೆಯಲ್ಲಿಯೇ ಕಟ್ಟಿಕೊಳ್ಳಬಹುದು. ಆದರೆ ನಕ್ಷೆಯ ಮೇಲೆ ‘೩ರಿಂದ ೨೦ ವೋಲ್ಟು, ೧ ಆಂಪೇರು’ ಎಂದು ಬರೆದ ಮಾತ್ರಕ್ಕೆ ಪೆಟ್ಟಿಗೆಯು ಅಷ್ಟನ್ನೂ ಕೊಡುವುದೆಂದು ನಂಬಲಾಗದು. ಬೆಸುಗೆಗೆ ಕೈಹಾಕುವ ಮುನ್ನ ಲೆಕ್ಕವನ್ನು ಮಾಡಿ ನೋಡುವುದು ವಿಹಿತ.

ಒಂದು ಸಾಮಾನ್ಯ ರಚನೆಯನ್ನು ತೆಗೆದುಕೊಳ್ಳೋಣ. ಮನೆಯ ೨೩೦ ವೋಲ್ಟನ್ನು ೧೮ ವೋಲ್ಟಿಗೆ ಇಳಿಸುವ ೧ ಆಂಪೇರಿನ ಪರಿವರ್ತಕ. ಸೇತುವೆಯಂತೆ ಜೋಡಿಸಿದ ನಾಲ್ಕು ಡಯೋಡುಗಳು. ೪೭೦೦ ಮೈಕ್ರೊಫ್ಯಾರಡಿನ ಧಾರಕ. ಕೊನೆಗೆ ಎಲ್‌ಎಂ ೩೧೭ ಎಂಬ ನಿಯಂತ್ರಕ. ಇದು ೧೯೭೬ರಲ್ಲಿ ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯಲ್ಲಿ ಜನ್ಮತಾಳಿತು. ತನ್ನ ಹೊರತುದಿಗೂ ಹೊಂದಿಸುವ ತುದಿಗೂ ನಡುವೆ ಇದು ಸದಾ ೧.೨೫ ವೋಲ್ಟನ್ನು ಕಾಯ್ದುಕೊಳ್ಳುತ್ತದೆ. ಆದುದರಿಂದ ಎರಡು ರೋಧಕಗಳ ಪ್ರಮಾಣವನ್ನು ಬದಲಿಸಿ ಹೊರವಿಭವವನ್ನು ನಿರ್ಧರಿಸಬಹುದು.

ಮೊದಲನೆಯ ಪ್ರಶ್ನೆ: ೨೦ ವೋಲ್ಟು ನಿಜವಾಗಿಯೂ ದೊರೆಯುವುದೆ? ೧೮ ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶಿಖರ ಸುಮಾರು ೨೫.೪ ವೋಲ್ಟು. ಡಯೋಡುಗಳಲ್ಲಿ ೨ ವೋಲ್ಟು ಕಳೆಯುತ್ತದೆ. ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಧಾರಕವೇ ೧ ಆಂಪೇರನ್ನು ಒದಗಿಸಬೇಕಾದುದರಿಂದ ಅದರ ವಿಭವ ೨.೧ ವೋಲ್ಟಿನಷ್ಟು ಕುಗ್ಗುತ್ತದೆ. ನಿಯಂತ್ರಕದ ಕೆಲಸಕ್ಕೆ ಸುಮಾರು ೩ ವೋಲ್ಟು ಮೀಸಲು. ಉಳಿಯುವುದು ೧೮ ವೋಲ್ಟು ಮಾತ್ರ! ಮನೆಯ ವಿದ್ಯುತ್ತು ಶೇಕಡ ೧೦ರಷ್ಟು ಇಳಿದ ಸಂಜೆಯಲ್ಲಿ ೧೬ಕ್ಕೂ ಕಡಿಮೆ.

ಎರಡನೆಯ ಪ್ರಶ್ನೆ ಪರಿವರ್ತಕದ್ದು. ಧಾರಕವು ಪ್ರವಾಹವನ್ನು ಶಿಖರದ ಬಳಿಯಲ್ಲಿ ಮಾತ್ರ ಗುಕ್ಕುಗುಕ್ಕಾಗಿ ಎಳೆದುಕೊಳ್ಳುತ್ತದೆ. ಇದರಿಂದ ಪರಿವರ್ತಕದ ತಂತಿಯಲ್ಲಿ ಹರಿಯುವ ಪರಿಣಾಮಕ ಪ್ರವಾಹವು ಹೊರಗೆ ಬರುವ ನೇರ ಪ್ರವಾಹದ ಒಂದೂವರೆ ಪಟ್ಟಿಗೂ ಮಿಗಿಲು. ಹೀಗಾಗಿ ೧ ಆಂಪೇರಿನ ಪರಿವರ್ತಕದಿಂದ ೦.೬ ಆಂಪೇರಿಗಿಂತ ಹೆಚ್ಚನ್ನು ಸತತವಾಗಿ ಪಡೆಯುವುದು ಸರಿಯಲ್ಲ.

ಮೂರನೆಯದೇ ಮುಖ್ಯವಾದ ಪ್ರಶ್ನೆ: ಶಾಖವೆಷ್ಟು? ಅತಿ ಹೆಚ್ಚಿನ ವಿಭವದಲ್ಲಿಯೇ ಪೆಟ್ಟಿಗೆಗೆ ಶ್ರಮ ಹೆಚ್ಚೆಂದು ಅನೇಕರು ಭಾವಿಸುತ್ತಾರೆ. ನಿಯಂತ್ರಕದ ಮಟ್ಟಿಗೆ ನಿಜವು ಇದಕ್ಕೆ ವಿರುದ್ಧ. ೩ ವೋಲ್ಟಿನಲ್ಲಿ ೧ ಆಂಪೇರನ್ನು ತೆಗೆದಾಗ ನಿಯಂತ್ರಕದ ಒಳಬದಿಯಲ್ಲಿ ಸರಾಸರಿ ೨೨.೪ ವೋಲ್ಟು ಇರುತ್ತದೆ. ಮಿಕ್ಕ ೧೯.೪ ವೋಲ್ಟು ನಿಯಂತ್ರಕದಲ್ಲಿಯೇ ವ್ಯಯವಾಗಿ ೧೯ ವಾಟಿಗೂ ಹೆಚ್ಚು ಶಾಖವಾಗುತ್ತದೆ. ಪ್ರಯೋಗಕ್ಕೆ ದೊರೆತದ್ದು ೩ ವಾಟು! ನಿಯಂತ್ರಕದ ಒಡಲಿಗೂ ಅದರೊಳಗಿನ ಸಿಲಿಕಾನ್ ತುಣುಕಿಗೂ ನಡುವೆ ಪ್ರತಿ ವಾಟಿಗೆ ಸುಮಾರು ೫ ಡಿಗ್ರಿಯ ಅಂತರವುಂಟು. ಒಡಲು ೩೦ ಡಿಗ್ರಿಯಲ್ಲಿಯೇ ತಣ್ಣಗಿದ್ದರೂ ತುಣುಕು ೧೨೫ ಡಿಗ್ರಿಯ ಮಿತಿಯನ್ನು ದಾಟುತ್ತದೆ. ಎಷ್ಟು ದೊಡ್ಡ ಶಾಖಹಾರಿಯೂ ಇದನ್ನು ಉಳಿಸಲಾರದು. ನಿಯಂತ್ರಕವು ಆತ್ಮರಕ್ಷಣೆಗಾಗಿ ಪ್ರವಾಹವನ್ನು ತಗ್ಗಿಸುತ್ತದೆ. ವಿಭವ ಕುಸಿದಾಗ ವಿದ್ಯಾರ್ಥಿಯು ದೋಷವನ್ನು ತನ್ನ ಮಂಡಲದಲ್ಲಿ ಹುಡುಕುತ್ತ ಕೂರುತ್ತಾನೆ. ಅಳತೆಗೆ ಆಧಾರವಾಗಬೇಕಾದ ಉಪಕರಣವೇ ದಾರಿ ತಪ್ಪಿಸಿದಂತಾಯಿತು.

ಪರಿಹಾರವೇನು? ಪ್ರವಾಹದ ಮಿತಿಯನ್ನು ಅರ್ಧ ಆಂಪೇರಿಗೆ ಇಳಿಸಿದರೆ ಮೂರು ತೊಡಕುಗಳೂ ಸಡಿಲುತ್ತವೆ. ಪರಿವರ್ತಕಕ್ಕೆ ನೆಮ್ಮದಿ, ಧಾರಕದ ಕುಗ್ಗುವಿಕೆ ಅರ್ಧ, ಶಾಖ ಸುಮಾರು ೧೦ ವಾಟು. ಪ್ರತಿ ವಾಟಿಗೆ ೩ ಡಿಗ್ರಿಗಿಂತ ಹೆಚ್ಚು ಕಾಯದ ಶಾಖಹಾರಿಯನ್ನು ಜೋಡಿಸಿ ‘೩ರಿಂದ ೧೬ ವೋಲ್ಟು, ಅರ್ಧ ಆಂಪೇರು’ ಎಂದು ಬರೆದರೆ ಅದು ಪ್ರಾಮಾಣಿಕವಾದ ಮಾತು. ಪೂರ್ಣ ೧ ಆಂಪೇರೇ ಬೇಕೆಂದಾದರೆ ಹೆಚ್ಚು ಸಾಮರ್ಥ್ಯದ ಪರಿವರ್ತಕವನ್ನು ಆರಿಸಿ, ಶಾಖವನ್ನು ಹೊರಗಿನ ಶಕ್ತಿ ಟ್ರಾನ್ಸಿಸ್ಟರಿನೊಡನೆ ಹಂಚಬೇಕು.

ಇನ್ನೆರಡು ಎಚ್ಚರಿಕೆಗಳು. ಹೊಂದಿಸುವ ತುದಿಗೂ ಋಣ ತಂತಿಗೂ ನಡುವಿನ ರೋಧಕದ ಸಂಪರ್ಕ ಕಡಿದರೆ ಹೊರವಿಭವವು ಒಮ್ಮೆಲೇ ಗರಿಷ್ಠಕ್ಕೆ ಜಿಗಿದು, ೫ ವೋಲ್ಟಿನ ಮಂಡಲವನ್ನು ಸುಟ್ಟುಬಿಡಬಲ್ಲದು. ಆದುದರಿಂದ ಅಲ್ಲಿ ಉತ್ತಮ ದರ್ಜೆಯ ರೋಧಕವಿರಲಿ. ೨೩೦ ವೋಲ್ಟಿನ ಬದಿಗೆ ಫ್ಯೂಸೂ ಲೋಹದ ಪೆಟ್ಟಿಗೆಗೆ ಭೂಸಂಪರ್ಕವೂ ಕಡ್ಡಾಯ. ಆ ಭಾಗದ ಜೋಡಣೆಯನ್ನು ಬಲ್ಲವರಿಗೆ ತೋರಿಸದೆ ವಿದ್ಯುತ್ತನ್ನು ಹಾಯಿಸಕೂಡದು.

ಯಾವ ನಕ್ಷೆಯೇ ದೊರೆಯಲಿ, ಅದನ್ನು ಎರಡು ತುದಿಗಳಲ್ಲಿ ಪರೀಕ್ಷಿಸಿರಿ: ಗರಿಷ್ಠ ವಿಭವದಲ್ಲಿ ಪೂರ್ಣ ಪ್ರವಾಹ, ಕನಿಷ್ಠ ವಿಭವದಲ್ಲಿ ಪೂರ್ಣ ಪ್ರವಾಹ. ಮೊದಲನೆಯದು ವಿಭವದ ಕೊರತೆಯನ್ನೂ ಎರಡನೆಯದು ಶಾಖದ ಹೊರೆಯನ್ನೂ ಬಯಲುಮಾಡುತ್ತದೆ. ಎರಡರಲ್ಲಿಯೂ ಗೆದ್ದ ರಚನೆಯನ್ನು ಮಾತ್ರ ಕಟ್ಟಲು ಆರಿಸಿಕೊಳ್ಳಿರಿ.