ಪರರ ಸಭೆಯಲ್ಲಿ ಜಪಾನಿನ ಗಾಯಕಿಯರೂ ವಾದಕಿಯರೂ

ಅನ್ಯರ ಊರಿನ ಸಭೆಯಲ್ಲಿ ಹಾಡಲು ನಿಲ್ಲುವವಳ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಸಭಿಕರು ಯಾವದನ್ನು ನೋಡಲು ಬಂದಿರುವರು ಎಂಬದು ಮೊದಲನೆಯದು; ತಾನು ಯಾವದನ್ನು ಕೇಳಿಸಲು ಬಂದಿರುವೆನು ಎಂಬದು ಎರಡನೆಯದು. ಈ ಎರಡಕ್ಕೂ ಉತ್ತರವು ಒಂದೇ ಆಗಿದ್ದರೆ ತೊಡಕಿಲ್ಲ. ಬೇರೆ ಬೇರೆಯಾಗಿದ್ದರೆ ಏನು ಮಾಡತಕ್ಕದ್ದು? ನಮ್ಮ ಶಾಲೆಯಲ್ಲಿ ಕಲಿತ ಅನೇಕ ಸೋದರಿಯರು ಈಗ ದೂರದ ಪಟ್ಟಣಗಳಲ್ಲಿಯೂ ಪರದೇಶಗಳಲ್ಲಿಯೂ ಸಂಸಾರ ಹೂಡಿರುವರು. "ನಿಮ್ಮ ಕಡೆಯದೇನಾದರೂ ಹಾಡಿರಿ" ಎಂದು ಅಲ್ಲಿಯ ಸಮಾರಂಭಗಳಲ್ಲಿ ಅವರನ್ನು ಕೇಳುವದುಂಟು. ಏನು ಹಾಡಬೇಕು, ಹೇಗೆ ಹಾಡಬೇಕು ಎಂಬ ಸಂಕೋಚವು ಅವರಿಗೆ ಹೊಸದಲ್ಲ. ಇದೇ ಸಂಕೋಚವನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಎದುರಿಸುತ್ತ ಬಂದ ಜಪಾನ್ ದೇಶದ ಸಂಗೀತಗಾರ್ತಿಯರ ಚರಿತ್ರೆಯನ್ನು ಈ ಪಾಠದಲ್ಲಿ ಅಭ್ಯಾಸ ಮಾಡೋಣ. ಜಪಾನೀಯರು ಮನೆತನದ ಹೆಸರನ್ನು ಮೊದಲೂ ಸ್ವಂತ ಹೆಸರನ್ನು ಅನಂತರವೂ ಹೇಳುವರು. ನಾವೂ ಹಾಗೆಯೇ ಬರೆದಿದ್ದೇವೆ.

1. ಹಾಡುವವರಿಗಿಂತ ಮುಂಚೆ ಕಲಿಸುವವರು

ಜಪಾನ್ ಸರಕಾರವು 1871ನೆಯ ಇಸವಿಯಲ್ಲಿ ಇವಾಕುರಾ ತೊಮೊಮಿ ಎಂಬವರ ನಾಯಕತ್ವದಲ್ಲಿ ಅಮೇರಿಕೆಗೂ ಯುರೋಪಿಗೂ ಒಂದು ದೊಡ್ಡ ನಿಯೋಗವನ್ನು ಕಳುಹಿಸಿತು. ಆ ಹಡಗಿನಲ್ಲಿ ವಿದ್ಯಾಭ್ಯಾಸಕ್ಕಾಗಿ ಹೊರಟ ಐವರು ಹುಡುಗಿಯರೂ ಇದ್ದರು. ಅವರಲ್ಲಿ ತೀರ ಚಿಕ್ಕವಳಾದ ತ್ಸುದಾ ಉಮೆಕೊ ಮುಂದೆ 1900ರಲ್ಲಿ ತೋಕಿಯೋ ಪಟ್ಟಣದಲ್ಲಿ ಸ್ತ್ರೀಯರಿಗಾಗಿ ಪ್ರಖ್ಯಾತವಾದ ಶಾಲೆಯನ್ನು ತೆರೆದರು. ಆಕೆಯ ಸಂಗಡಿಗಳಾದ ನಗಾಯ್ ಶಿಗೆಕೊ ಎಂಬಾಕೆಯನ್ನು ಅಷ್ಟು ಜನರು ಅರಿಯರು. ಶಿಗೆಕೊ ಅಮೇರಿಕೆಯ ವಾಸರ್ ಕಾಲೇಜಿನಲ್ಲಿ ಸಂಗೀತವನ್ನು ಅಭ್ಯಾಸ ಮಾಡಿ, 1881ರಲ್ಲಿ ಸ್ವದೇಶಕ್ಕೆ ಮರಳಿ, ಸರಕಾರವು ಸಂಗೀತಶಿಕ್ಷಣಕ್ಕಾಗಿ ಹೊಸದಾಗಿ ಏರ್ಪಡಿಸಿದ್ದ ಸಂಸ್ಥೆಯಲ್ಲಿ ಪಿಯಾನೋ ಕಲಿಸುವ ಉಪಾಧ್ಯಾಯಿನಿಯಾದರು. ಆ ಸಂಸ್ಥೆಯೇ 1887ರಲ್ಲಿ ತೋಕಿಯೋ ಸಂಗೀತಶಾಲೆಯೆಂಬ ಹೆಸರನ್ನು ಪಡೆಯಿತು.

ಆ ಸಂಸ್ಥೆಯಲ್ಲಿ ಕಲಿತ ಕೋಡಾ ನೊಬು ಎಂಬ ಕನ್ಯೆಯನ್ನು ಸರಕಾರವು 1889ರಲ್ಲಿ ಸಂಗೀತಾಭ್ಯಾಸಕ್ಕಾಗಿ ಪರದೇಶಕ್ಕೆ ಕಳುಹಿಸಿತು. ಆಕೆಯು ಬಾಸ್ಟನ್ ಪಟ್ಟಣದಲ್ಲಿಯೂ ಅನಂತರ ವಿಯೆನ್ನಾ ಪಟ್ಟಣದಲ್ಲಿಯೂ ಕಲಿತು, 1895ರಲ್ಲಿ ಹಿಂದಿರುಗಿ, ತಾನು ಕಲಿತ ಶಾಲೆಯಲ್ಲಿಯೇ ಅಧ್ಯಾಪಕಿಯಾದಳು. ಆಕೆಯ ತಂಗಿಯಾದ ಕೋ ಎಂಬವಳು ಬರ್ಲಿನಿನಲ್ಲಿ ಯೋಆಖಿಮ್ ಎಂಬ ಪ್ರಸಿದ್ಧ ವಿದ್ವಾಂಸರಲ್ಲಿ ಪಿಟೀಲನ್ನು ಅಭ್ಯಾಸ ಮಾಡಿದಳು.

ಇಲ್ಲಿ ಲಕ್ಷ್ಯವಿಟ್ಟು ನೋಡತಕ್ಕ ಸಂಗತಿಯೊಂದುಂಟು. ಜಪಾನಿನ ಗಾಯಕಿಯೊಬ್ಬಳು ಯುರೋಪಿನ ರಂಗದ ಮೇಲೆ ಹೆಸರು ಪಡೆಯುವದಕ್ಕೆ ಮುಂಚೆ ನಾಲ್ವತ್ತು ವರ್ಷಗಳಿಗೂ ಮಿಕ್ಕಿ ಕಳೆದವು. ಆ ಕಾಲವೆಲ್ಲ ವ್ಯರ್ಥವಾಗಲಿಲ್ಲ. ಒಬ್ಬಳು ಕಲಿತು ಬಂದಳು, ಇನ್ನೊಬ್ಬಳಿಗೆ ಕಲಿಸಿದಳು; ಆ ಇನ್ನೊಬ್ಬಳು ಮೂರನೆಯವಳಿಗೆ ದಾರಿ ಮಾಡಿದಳು. ಸಭೆಯು ಚಪ್ಪಾಳೆ ತಟ್ಟುವದು ಕೊನೆಯವಳಿಗೆ ಮಾತ್ರ.

2. ತೆರೆದಿದ್ದ ಒಂದೇ ಬಾಗಿಲು

ಆ ಕಾಲದಲ್ಲಿ ಪಾಶ್ಚಾತ್ಯರು ಜಪಾನೀ ಸ್ತ್ರೀಯನ್ನು ಕುರಿತು ತಮ್ಮ ಮನಸ್ಸಿನಲ್ಲಿ ಒಂದು ಚಿತ್ರವನ್ನು ಬರೆದುಕೊಂಡಿದ್ದರು: ಬಣ್ಣದ ಕಿಮೊನೋ, ಕೈಯಲ್ಲಿ ಬೀಸಣಿಗೆ, ತಗ್ಗಿದ ಮುಖ. 1899ರಲ್ಲಿ ಕಾವಾಕಾಮಿ ಎಂಬವರ ನಾಟಕಮಂಡಳಿಯು ಅಮೇರಿಕೆಗೆ ಹೋಗಿ, ಮರುವರ್ಷ ಪ್ಯಾರಿಸ್ ಪಟ್ಟಣದ ಮಹಾಪ್ರದರ್ಶನದಲ್ಲಿ ಆಡಿತು. ಆ ಮಂಡಳಿಯ ನಟಿಯೂ ನರ್ತಕಿಯೂ ಆದ ಸದಾಯಾಕ್ಕೊ ಬಹು ಕೀರ್ತಿಯನ್ನು ಪಡೆದರು. ಆದರೆ ಅವರ ಭಾಷೆಯು ಪರದೇಶದ ಸಭಿಕರಿಗೆ ತಿಳಿಯದು. ಅದು ಕಾರಣ ಮಂಡಳಿಯವರು ನಾಟಕಗಳ ಮಾತುಗಳನ್ನು ಕಡಿಮೆ ಮಾಡಿ, ಕುಣಿತವನ್ನೂ ಕಾಳಗವನ್ನೂ ಹೆಚ್ಚಿಸಿದರು. ಸಭಿಕರು ಮೆಚ್ಚಿದರು, ಆದರೆ ಅವರು ಮೆಚ್ಚಿದ್ದು ಅವರಿಗೋಸ್ಕರವೇ ತಿದ್ದಿದ ಜಪಾನನ್ನು.

ಇತಾಲಿಯ ಸಂಗೀತಕರ್ತರಾದ ಪುಚ್ಚೀನಿಯವರು ಜಪಾನನ್ನು ಎಂದೂ ಕಂಡವರಲ್ಲ. ಅವರ "ಮದಾಮಾ ಬಟರ್‌ಫ್ಲೈ" ಎಂಬ ಗೀತನಾಟಕವು 1904ರಲ್ಲಿ ಮಿಲಾನ್ ಪಟ್ಟಣದಲ್ಲಿ ಮೊದಲು ಪ್ರಯೋಗವಾಯಿತು. ನಾಗಸಾಕಿಯ ಹದಿನೈದು ವರ್ಷದ ಹುಡುಗಿಯೊಬ್ಬಳು ಅಮೇರಿಕದ ನೌಕಾಧಿಕಾರಿಯೊಬ್ಬನನ್ನು ಮದುವೆಯಾಗಿ, ಅವನಿಂದ ತ್ಯಜಿಸಲ್ಪಟ್ಟು, ಪ್ರಾಣವನ್ನು ನೀಗಿಕೊಳ್ಳುವದೇ ಅದರ ಕಥೆ. ಪರದೇಶದ ಗೀತನಾಟಕ ಮಂದಿರದಲ್ಲಿ ಜಪಾನೀ ಗಾಯಕಿಗೆ ತೆರೆದಿದ್ದ ಬಾಗಿಲೆಂದರೆ ಹೆಚ್ಚು ಕಡಿಮೆ ಇದೊಂದೇ.

ಆ ಬಾಗಿಲಿನಿಂದ ಒಳಹೊಕ್ಕವರು ಮಿಯುರಾ ತಮಾಕಿ. ಇವರು 1884ರಲ್ಲಿ ಹುಟ್ಟಿ, ಕೋಡಾ ನೊಬು ಅಧ್ಯಾಪಕಿಯಾಗಿದ್ದ ತೋಕಿಯೋ ಸಂಗೀತಶಾಲೆಯಲ್ಲಿ ಕಲಿತರು. 1903ರಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಗ್ಲುಕ್ ಎಂಬವರ ಗೀತನಾಟಕವನ್ನು ಆಡಿದಾಗ ಇವರು ನಾಯಿಕೆಯ ಪಾತ್ರವನ್ನು ವಹಿಸಿದ್ದರು. 1914ರಲ್ಲಿ ಪತಿಯೊಂದಿಗೆ ಜರ್ಮನಿಗೆ ಹೋದರು; ಮಹಾಯುದ್ಧವು ಹೊತ್ತಿಕೊಳ್ಳಲು ಅಲ್ಲಿಂದ ಲಂಡನ್ನಿಗೆ ಸರಿದರು. 1915ರಲ್ಲಿ ಲಂಡನ್ನಿನಲ್ಲಿ ಬಟರ್‌ಫ್ಲೈಯ ಪಾತ್ರವನ್ನು ಹಾಡಿ, ಅದೇ ವರ್ಷ ಅಮೇರಿಕೆಯಲ್ಲಿಯೂ ಹಾಡಿದರು. 1920ರಲ್ಲಿ ಇತಾಲಿಯಲ್ಲಿ ಪುಚ್ಚೀನಿಯವರನ್ನೇ ಕಂಡರು. ಸುಮಾರು ಇಪ್ಪತ್ತು ವರ್ಷಗಳ ಕಾಲ ದೇಶದಿಂದ ದೇಶಕ್ಕೆ ಸಂಚರಿಸಿದರು. ಆ ಒಂದೇ ಪಾತ್ರವನ್ನು ಎರಡು ಸಾವಿರ ಬಾರಿ ಹಾಡಿದರೆಂದು ಹೇಳುವ ರೂಢಿಯಿದೆ. 1946ರಲ್ಲಿ ತೀರಿಕೊಂಡರು. ನಾಗಸಾಕಿಯ ಗ್ಲೋವರ್ ಉದ್ಯಾನದಲ್ಲಿ ಇವರ ಪ್ರತಿಮೆಯನ್ನು ಈಗಲೂ ನೋಡಬಹುದು.

ಇವರನ್ನು ನಾವು ಹೇಗೆ ತೂಗತಕ್ಕದ್ದು? ಪರರು ಬರೆದ ಚಿತ್ರಕ್ಕೆ ತಮ್ಮ ಮುಖವನ್ನು ಕೊಟ್ಟರೆಂದು ಕೆಲವರು ಆಕ್ಷೇಪಿಸುವರು. ಅದು ಸುಳ್ಳೆನ್ನಲಾಗದು. ಆದರೆ ಉಡುಪಿನ ಬೆರಗು ಒಂದು ಸಾಯಂಕಾಲ ನಿಲ್ಲುವದು, ಇಪ್ಪತ್ತು ವರ್ಷ ನಿಲ್ಲದು. ದೊಡ್ಡ ವಾದ್ಯಮೇಳದ ಧ್ವನಿಯನ್ನು ದಾಟಿ ಮಂದಿರದ ಕೊನೆಯ ಸಾಲನ್ನು ಮುಟ್ಟುವ ಕಂಠವು ಕಿಮೊನೋ ಉಟ್ಟ ಮಾತ್ರದಿಂದ ಬರುವದಿಲ್ಲ. ತೆರೆದಿರುವ ಬಾಗಿಲು ಇಕ್ಕಟ್ಟಾಗಿದ್ದರೂ ಒಳಗೆ ಹೋದವಳು ಸಾಧನೆಯುಳ್ಳವಳಾಗಿದ್ದರೆ, ಹಿಂದೆ ಬರುವವರಿಗೆ ಅದು ಸ್ವಲ್ಪವಾದರೂ ಅಗಲವಾಗುವದು.

3. ಯುದ್ಧವಾದ ಬಳಿಕ ಮಕ್ಕಳು ಹೋದದ್ದು

ಜಪಾನಿಗೂ ಅಮೇರಿಕೆಗೂ ನಡೆದ ಘೋರ ಯುದ್ಧವು 1945ರಲ್ಲಿ ಮುಗಿಯಿತು. ಸುಝುಕಿ ಶಿನಿಚಿ ಎಂಬ ಉಪಾಧ್ಯಾಯರು ಮರುವರ್ಷವೇ ಮಾತ್ಸುಮೋತೋ ಎಂಬ ಊರಿನಲ್ಲಿ ಎಳೆಯ ಮಕ್ಕಳಿಗೆ ಪಿಟೀಲು ಕಲಿಸತೊಡಗಿದರು. ಮಗುವು ತಾಯಿನುಡಿಯನ್ನು ಕೇಳಿ ಕೇಳಿ ಕಲಿಯುವಂತೆ ಸಂಗೀತವನ್ನೂ ಕಲಿಯಬಲ್ಲದು ಎಂಬದೇ ಅವರ ಮತ. ಆದಕಾರಣ ಮೊದಲು ತಾಯಿಯು ಪಿಟೀಲನ್ನು ಹಿಡಿಯಲು ಕಲಿಯಬೇಕು. ಅದನ್ನು ನೋಡಿ ಮಗುವು "ನನಗೂ ಬೇಕು" ಎನ್ನಬೇಕು. ಪೋಷಕರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇವೆ.

1964ರಲ್ಲಿ ಈ ಗುರುಗಳು ಹತ್ತು ಮಂದಿ ಮಕ್ಕಳನ್ನು ಕರೆದುಕೊಂಡು ಅಮೇರಿಕೆಯಲ್ಲಿ ಸಂಚರಿಸಿದರು. ಫಿಲಡೆಲ್ಫಿಯಾ ಪಟ್ಟಣದಲ್ಲಿ ಸಂಗೀತದ ಉಪಾಧ್ಯಾಯರೇ ನೆರೆದಿದ್ದ ಸಭೆಯಲ್ಲಿ ಮಕ್ಕಳು ನುಡಿಸಿದರು. ಯುದ್ಧವು ಮುಗಿದು ಆಗ ಹತ್ತೊಂಬತ್ತು ವರ್ಷಗಳಾಗಿದ್ದವು ಅಷ್ಟೆ. ಮಕ್ಕಳು ತಮ್ಮ ದೇಶದ ಹಿರಿಮೆಯನ್ನು ಕುರಿತು ಭಾಷಣ ಮಾಡಲಿಲ್ಲ. ಜರ್ಮನಿಯ ಬಾಖ್ ಎಂಬವರ ಕೃತಿಯನ್ನು ಶುದ್ಧವಾಗಿ ನುಡಿಸಿದರು. ಅದನ್ನು ಕೇಳಿದ ಉಪಾಧ್ಯಾಯರಲ್ಲಿ ಅನೇಕರು ಆ ಕ್ರಮವನ್ನು ಕಲಿಯಲು ಬಯಸಿದರು. ಇಂದು ಸುಝುಕಿ ಕ್ರಮವು ಲೋಕದ ಅನೇಕ ದೇಶಗಳಲ್ಲಿ ನಡೆಯುತ್ತಿದೆ. ಪಶ್ಚಿಮದಿಂದ ಕಲಿತವರು ಪಶ್ಚಿಮಕ್ಕೆ ಕಲಿಸಿದಂತಾಯಿತು.

4. ಬೆರೆಯದೆ ಎದುರುಬದುರು ನಿಂತದ್ದು

ಇನ್ನು ಈ ಪಾಠದ ಮುಖ್ಯಭಾಗಕ್ಕೆ ಬರುತ್ತೇವೆ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಎಂಬ ವಾದ್ಯಮೇಳವು ತನ್ನ 125ನೆಯ ವರ್ಷದ ಉತ್ಸವಕ್ಕಾಗಿ ಜಪಾನಿನ ತಾಕೆಮಿತ್ಸು ತೋರು ಎಂಬ ಸಂಗೀತಕರ್ತರಿಂದ ಒಂದು ಹೊಸ ಕೃತಿಯನ್ನು ಬೇಡಿತು. ಅದರ ಹೆಸರು "ನವೆಂಬರ್ ಸ್ಟೆಪ್ಸ್". 1967ನೆಯ ನವೆಂಬರ್ 9ರಂದು ಓಝಾವಾ ಸೆಯ್ಜಿಯವರ ನಿರ್ದೇಶನದಲ್ಲಿ ಅದು ನ್ಯೂಯಾರ್ಕಿನಲ್ಲಿ ಪ್ರಥಮವಾಗಿ ನುಡಿಯಿತು. ಮುಂದುಗಡೆ ಇಬ್ಬರು ಕುಳಿತಿದ್ದರು. ಒಬ್ಬರು ಶಾಕುಹಾಚಿ ಎಂಬ ಬಿದಿರಿನ ಕೊಳಲನ್ನು ನುಡಿಸುವ ಯೊಕೊಯಾಮಾ ಕಾತ್ಸುಯಾ. ಮತ್ತೊಬ್ಬರು ಬಿವಾ ಎಂಬ ತಂತಿವಾದ್ಯವನ್ನು ನುಡಿಸುವ ತ್ಸುರುತಾ ಕಿನ್ಶಿ ಎಂಬ ಮಹಿಳೆ. ಅವರಿಗೆ ಆಗ ಐವತ್ತಾರು ವರ್ಷ.

ಅವರು ನುಡಿಸುತ್ತಿದ್ದ ಬಿವಾಕ್ಕೆ ಸಾತ್ಸುಮಾ ಬಿವಾ ಎಂದು ಹೆಸರು. ಪೂರ್ವದಲ್ಲಿ ಸಾತ್ಸುಮಾ ಸೀಮೆಯ ಯೋಧರು ಯುದ್ಧದ ಕಥೆಗಳನ್ನು ಹಾಡುವಾಗ ಇದನ್ನು ನುಡಿಸುತ್ತಿದ್ದರು. ಬೀಸಣಿಗೆಯಂತೆ ಅಗಲವಾದ ಮರದ ಮೀಟುಗೋಲಿನಿಂದ ತಂತಿಯನ್ನು ಮಾತ್ರವಲ್ಲ, ವಾದ್ಯದ ಒಡಲನ್ನೂ ಹೊಡೆಯುವರು. ತಂತಿಯು ಮೆಟ್ಟಿಲಿಗೆ ತಗಲಿ ಝೇಂಕರಿಸುವ ಒಂದು ವಿಧವಾದ ನಾದವು ಅದರ ಜೀವವು. ಅದನ್ನು ಜಪಾನೀಯರು ಸವಾರಿ ಎನ್ನುವರು. ಪಾಶ್ಚಾತ್ಯರ ಕಿವಿಗೆ ಇದು ಶುದ್ಧಸ್ವರದಲ್ಲಿ ಬೆರೆತ ಗದ್ದಲದಂತೆ ಕೇಳಬಹುದು. ನಮ್ಮ ವಾಚಕರಿಗೆ ಹಾಗಾಗದು. ಯಾಕಂದರೆ ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ದಾರವನ್ನು ಸರಿಸಿ ನಾದಕ್ಕೆ ಜೀವಕಳೆ ತರುವದನ್ನು ನಾವು ಬಲ್ಲೆವು.

ತಾಕೆಮಿತ್ಸು ಅವರು ಮೊದಲು ಈ ಎರಡು ವಾದ್ಯಗಳನ್ನು ಪಾಶ್ಚಾತ್ಯ ವಾದ್ಯಮೇಳದಲ್ಲಿ ಬೆರೆಸಲು ನೋಡಿ, ಆ ಯತ್ನವನ್ನು ಬಿಟ್ಟರು. ಹಾಲಿಗೆ ನೀರು ಬೆರೆಸಿದರೆ ಎರಡರ ರುಚಿಯೂ ಹೋಗುವದಷ್ಟೆ. ಅದಕ್ಕೆ ಪ್ರತಿಯಾಗಿ ಅವೆರಡರ ಭೇದವನ್ನೇ ಎತ್ತಿ ತೋರಿಸಿದರು. ಬಹಳ ಹೊತ್ತು ವಾದ್ಯಮೇಳವು ಸುಮ್ಮನಿರುವದು. ಬಿವಾವೂ ಶಾಕುಹಾಚಿಯೂ ಮಾತ್ರ ಮಾತಾಡುವವು. ಒಂದು ನಾದಕ್ಕೂ ಮುಂದಿನ ನಾದಕ್ಕೂ ನಡುವಿನ ಮೌನವನ್ನು ಜಪಾನೀಯರು "ಮಾ" ಎಂದು ಕರೆಯುವರು. ಆ ಮೌನವೂ ಸಂಗೀತದ ಭಾಗವೇ ಎಂದು ಅವರ ಭಾವನೆ. ಹೀಗೆ ಇಡೀ ವಾದ್ಯಮೇಳವನ್ನು ಬೆನ್ನಿಗೆ ಇಟ್ಟುಕೊಂಡು ತ್ಸುರುತಾ ಅವರು ಅವಸರವಿಲ್ಲದೆ ನುಡಿಸಿದರು. ಸದಾಯಾಕ್ಕೊ ಅವರ ಮಂಡಳಿಯು ಸಭಿಕರಿಗೆ ತಿಳಿಯದ್ದನ್ನು ಕಡಿಮೆ ಮಾಡಿತ್ತು. ಇವರು ಕಡಿಮೆ ಮಾಡಲಿಲ್ಲ. ಸಭಿಕರೇ ಕಿವಿಯನ್ನು ಹೊಸದಾಗಿ ತೆರೆಯಬೇಕಾಯಿತು. ಮುಂದೆ ಈ ಇಬ್ಬರೂ ಆ ಕೃತಿಯನ್ನು ಹಲವು ಬಾರಿ ನುಡಿಸಿದರು. ತ್ಸುರುತಾ ಅವರು 1995ರಲ್ಲಿ ದೈವಾಧೀನರಾದರು.

ಈ ಧೈರ್ಯವು ಬರಿಯ ಹಟದಿಂದ ಬಂದದ್ದಲ್ಲ ಎಂಬದನ್ನೂ ಹೇಳಬೇಕು. ಬಾಲ್ಯದಲ್ಲಿಯೇ ಬಿವಾವನ್ನು ಕಲಿತಿದ್ದ ಇವರು ಪೂರ್ವಿಕರ ವಾದ್ಯವನ್ನು ಇದ್ದ ಹಾಗೆಯೇ ಪೂಜಿಸುತ್ತ ಕುಳಿತಿರಲಿಲ್ಲ. ನಾಲ್ಕು ಮೆಟ್ಟಿಲುಗಳ ವಾದ್ಯಕ್ಕೆ ಐದನೆಯದನ್ನು ಸೇರಿಸಿ, ತಮ್ಮದೇ ಆದ ಒಂದು ಬಾಣಿಯನ್ನು ಬೆಳೆಯಿಸಿದರು. ತನ್ನದನ್ನು ಚೆನ್ನಾಗಿ ಬಲ್ಲವಳೇ ತನ್ನದನ್ನು ತಿದ್ದಬಲ್ಲಳು.

5. ಪರರ ಸಂಗೀತವು ತನ್ನದಾದದ್ದು

ಮೂರನೆಯ ದಾರಿಯೊಂದುಂಟು. ಉಚಿದಾ ಮಿತ್ಸುಕೊ ಅವರು 1948ರಲ್ಲಿ ಜಪಾನಿನಲ್ಲಿ ಹುಟ್ಟಿದರು. ತಂದೆಯವರು ಆಸ್ಟ್ರಿಯಾ ದೇಶಕ್ಕೆ ರಾಯಭಾರಿಯಾದದರಿಂದ ಹನ್ನೆರಡನೆಯ ವಯಸ್ಸಿನಲ್ಲಿ ವಿಯೆನ್ನಾ ಸೇರಿ ಪಿಯಾನೋ ಅಭ್ಯಾಸ ಮಾಡಿದರು. ಹದಿನಾಲ್ಕರಲ್ಲಿ ಅಲ್ಲಿಯೇ ಮೊದಲನೆಯ ಕಛೇರಿಯನ್ನು ನಡಿಸಿದರು. ತಂದೆಯವರಿಗೆ ಬೇರೆ ಕಡೆ ವರ್ಗವಾದಾಗಲೂ ಕಲಿಕೆಗಾಗಿ ಆ ಪಟ್ಟಣದಲ್ಲಿಯೇ ಉಳಿದರು. 1970ರಲ್ಲಿ ವಾರ್ಸಾದ ಶೊಪ್ಯಾಂ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನವನ್ನು ಪಡೆದರು. 1982ರಲ್ಲಿ ಮೋಟ್ಸಾರ್ಟ್ ಅವರ ಪಿಯಾನೋ ಸೊನಾಟಾಗಳನ್ನೆಲ್ಲ ಲಂಡನ್ನಿನಲ್ಲಿಯೂ ತೋಕಿಯೋದಲ್ಲಿಯೂ ನುಡಿಸಿ ಬಹು ಗೌರವಕ್ಕೆ ಪಾತ್ರರಾದರು. ಪಿಯಾನೋದ ಮುಂದೆ ಕುಳಿತುಕೊಂಡೇ ವಾದ್ಯಮೇಳವನ್ನು ನಡಿಸುವದರಲ್ಲಿಯೂ ಇವರು ನಿಪುಣರು. 2009ರಲ್ಲಿ ಇಂಗ್ಲೆಂಡು ಇವರಿಗೆ ಡೇಮ್ ಎಂಬ ಪದವಿಯನ್ನು ಕೊಟ್ಟಿತು.

ಇವರ ಕಛೇರಿಗೆ ಬರುವವರು ಬೀಸಣಿಗೆಯನ್ನು ನೋಡಲು ಬರುವದಿಲ್ಲ. ಮೋಟ್ಸಾರ್ಟರನ್ನೂ ಶೂಬರ್ಟರನ್ನೂ ಕೇಳಲು ಬರುವರು. ಪರರ ಸಂಗೀತವು ಎಂದಿಗೂ ಪರರದೇ ಎನ್ನುವವರು ನಮ್ಮ ಪಿಟೀಲನ್ನು ನೆನಸಲಿ. ಯುರೋಪಿನಿಂದ ಬಂದ ಆ ವಾದ್ಯವಿಲ್ಲದೆ ಇಂದು ಕರ್ನಾಟಕ ಸಂಗೀತದ ಕಛೇರಿಯು ಅಪರೂಪ. ಸಾಧನೆಯಿಂದ ಪಡೆದದ್ದು ಸ್ವಂತವೇ.

6. ಈ ಪಾಠದಿಂದ ತಿಳಿಯತಕ್ಕದ್ದು

ನಾವು ಮೊದಲು ಇಟ್ಟ ಪ್ರಶ್ನೆಗೆ ಈಗ ಮರಳೋಣ. ಸಭಿಕರು ನೋಡಬಯಸುವದೂ ನಾವು ಕೇಳಿಸಬಯಸುವದೂ ಬೇರೆಯಾದಾಗ ಮಿಯುರಾ, ತ್ಸುರುತಾ, ಉಚಿದಾ ಈ ಮೂವರು ಮೂರು ವಿಧವಾಗಿ ನಡೆದರು. ಒಬ್ಬರು ಪರರ ಚಿತ್ರದೊಳಗೆ ನಿಂತು ನಿಜವಾದ ಕಂಠವನ್ನು ಕೊಟ್ಟರು. ಒಬ್ಬರು ತಮ್ಮದನ್ನು ತಗ್ಗಿಸದೆ ಪರರ ಮುಂದಿಟ್ಟರು. ಒಬ್ಬರು ಪರರದನ್ನೇ ತಮ್ಮದಾಗಿ ಮಾಡಿಕೊಂಡರು. ಮೂವರಲ್ಲಿಯೂ ಕಾಣುವದು ಒಂದೇ: ಸಭೆಗೆ ಹೋಗುವ ಮೊದಲೇ ಕೆಲಸವು ಮುಗಿದಿತ್ತು. ಸಂಕೋಚವು ಹುಟ್ಟುವದು ಪರರ ಕಣ್ಣಿನಿಂದಲ್ಲ, ನಮ್ಮ ಅರೆಕಲಿಕೆಯಿಂದ.

ಆದದರಿಂದ ದೂರದಲ್ಲಿರುವ ನಮ್ಮ ಸೋದರಿಯರಿಗೆ ನಾವು ಹೇಳುವದೇನಂದರೆ, ಕೇಳಿದವರಿಗೆ ಬೇಗ ಮುಗಿಯಲೆಂದು ಹಾಡನ್ನು ಕತ್ತರಿಸಬೇಡಿರಿ. ಹಾಡುವದಕ್ಕೆ ಮುಂಚೆ ಅದರ ಅರ್ಥವನ್ನು ಆ ಊರಿನ ಭಾಷೆಯಲ್ಲಿ ನಾಲ್ಕು ಮಾತುಗಳಲ್ಲಿ ತಿಳಿಸಿರಿ. ಆ ಮೇಲೆ ಇದ್ದದ್ದನ್ನು ಇದ್ದ ಹಾಗೆ, ಪೂರ್ಣವಾಗಿ ಹಾಡಿರಿ. ಅವರ ಹಾಡನ್ನು ಕಲಿಯುವದಾದರೆ ಅದನ್ನೂ ಅದರ ನಿಯಮದಂತೆ ಕಲಿಯಿರಿ. ಪೋಷಕರಿಗೆ ನಮ್ಮ ಬಿನ್ನಹ ಒಂದೇ: ಮಗಳು ಅಭ್ಯಾಸಕ್ಕೆ ಕೂತಾಗ ದಿನಕ್ಕೆ ಕಾಲು ಗಂಟೆಯಾದರೂ ಅವಳ ಬಳಿಯಲ್ಲಿ ಕೂತು ಕೇಳಿರಿ. ಅವಳಿಗೆ ದೊರಕುವ ಮೊದಲನೆಯ ಸಭೆಯು ಅದೇ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಗಾಯ್ ಶಿಗೆಕೊ ಅವರು ಪರದೇಶದ ರಂಗದ ಮೇಲೆ ಹೆಸರು ಪಡೆಯಲಿಲ್ಲ. ಆದರೂ ಈ ಚರಿತ್ರೆಯನ್ನು ಅವರಿಂದ ಪ್ರಾರಂಭಿಸಿದ್ದು ಯಾಕೆ?

2. ಮಿಯುರಾ ತಮಾಕಿಯವರು ಬಟರ್‌ಫ್ಲೈಯ ಪಾತ್ರವನ್ನು ನಿರಾಕರಿಸಿದ್ದರೆ ಲಾಭವೇನು, ನಷ್ಟವೇನು?

3. ಬಿವಾವನ್ನು ವಾದ್ಯಮೇಳದೊಡನೆ ಬೆರೆಸದೆ ಇಟ್ಟದ್ದು ಅದಕ್ಕೆ ಮರ್ಯಾದೆಯೋ, ದೂರವಿಡುವದೋ?

4. ನಿಮ್ಮ ಮನೆಯಲ್ಲಿ ಅಜ್ಜಿಯು ಹಾಡುವ ಹಾಡುಗಳಲ್ಲಿ ಎಷ್ಟನ್ನು ನೀವು ಕಡೆಯ ತನಕ ಬಲ್ಲಿರಿ?