ಸಬ್‌ಟೈಟಲ್ ಓದಿದರೆ ಜಪಾನಿ ಬರುವುದಿಲ್ಲ

ಜಪಾನಿ ಭಾಷೆ ಕಲಿಯಲು ಸಿನಿಮಾ ಹಿಡಿದಿದ್ದೀರಾ? ಒಳ್ಳೆಯದೇ. ಆದರೆ ಕೆಳಗೆ ಇಂಗ್ಲಿಷ್ ಸಾಲು ಓಡುತ್ತಿದ್ದರೆ ಕಣ್ಣು ಅದನ್ನೇ ಓದುತ್ತದೆ, ಕಿವಿ ಸುಮ್ಮನಾಗುತ್ತದೆ. ಹಾಗೆ ನೂರು ಸಿನಿಮಾ ನೋಡಿದರೂ ಚುರುಕಾಗುವುದು ನಿಮ್ಮ ಇಂಗ್ಲಿಷ್ ಓದು ಮಾತ್ರ.

ಯಾವ ಸಿನಿಮಾ ಎಂಬುದನ್ನೂ ನೋಡಿಕೊಳ್ಳಿ. ಕುರೊಸಾವ ಅವರ 'ಸೆವೆನ್ ಸಮುರಾಯ್' (1954) ದೊಡ್ಡ ಕೃತಿ, ನಿಜ. ಆದರೆ ಕಥೆ 16ನೇ ಶತಮಾನದ್ದು. ಆ ಕತ್ತಿವೀರರ ಗತ್ತಿನಲ್ಲಿ ಟೋಕಿಯೊದ ಅಂಗಡಿಯವರನ್ನು ಮಾತಾಡಿಸಿದರೆ ಅವರು ಕಕ್ಕಾಬಿಕ್ಕಿಯಾದಾರು. ಓಜು ಅವರ 'ಟೋಕಿಯೊ ಸ್ಟೋರಿ' (1953) ಮನೆಮಾತಿಗೆ ಹತ್ತಿರ. ಆರಂಭದಲ್ಲೇ ಒನೊಮಿಚಿಯ ವೃದ್ಧ ದಂಪತಿ ರೈಲು ಹತ್ತಲು ಗಂಟುಮೂಟೆ ಕಟ್ಟುತ್ತಾರೆ. ಗಾಳಿದಿಂಬು ನಿನ್ನ ಹತ್ತಿರವಿದೆ, ಇಲ್ಲ ನಿಮ್ಮ ಹತ್ತಿರವೇ ಎಂದು ಹುಡುಕಾಟ; ಕೊನೆಗೆ ಸಿಗುವುದು ಗಂಡನ ಸಾಮಾನಿನಲ್ಲೇ! ಇಷ್ಟು ಸಣ್ಣ ದೃಶ್ಯ ಸಾಕು. ಮೊದಲು ಜಪಾನಿ ಸಬ್‌ಟೈಟಲ್ ಇಟ್ಟು ನೋಡಿ, ಆಮೇಲೆ ಅದೂ ಬೇಡ. ನಡುನಡುವೆ ನಿಲ್ಲಿಸಿ, ಅವರಂತೆಯೇ ಗಟ್ಟಿಯಾಗಿ ಹೇಳಿ. ಮನೆಯವರು ನಕ್ಕರೆ ನಗಲಿ. (ಅಂದಹಾಗೆ, ಆ ವೃದ್ಧರದು ಒನೊಮಿಚಿ ಕಡೆಯ ಮಾತು. ಅದನ್ನು ಟೋಕಿಯೊ ಮಾತಿನ ಜೊತೆ ಕಲಸಿಬಿಡಬೇಡಿ.)

ಕ್ರಿಯಾಪದದ ರೂಪಗಳನ್ನು ಯಾವ ನಟನೂ ನಿಂತು ವಿವರಿಸುವುದಿಲ್ಲ. ವ್ಯಾಕರಣದ ಪುಸ್ತಕವನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ.