ಭರೂಚಿನ ಗ್ರೀಕ್ ನಾಣ್ಯಗಳು

ಸೂರತ್ತಿನಿಂದ ವಡೋದರೆಗೆ ಹೋಗುವಾಗ ನರ್ಮದೆಯನ್ನು ದಾಟಿದೊಡನೆ ಸಿಗುವ ಭರೂಚ್, ಗ್ರೀಕರ ಬಾಯಲ್ಲಿ ಬರಿಗಾಜ. ಕ್ರಿ.ಶ. 1ನೆಯ ಶತಮಾನದ 'ಪೆರಿಪ್ಲಸ್' ಗ್ರಂಥದ ಪ್ರಕಾರ, ಅಪೊಲೊಡೋಟಸ್ ಹಾಗೂ ಮಿನಾಂಡರ್ ದೊರೆಗಳ ಹಳೆಯ ದ್ರಖ್ಮಗಳು ಆಗಲೂ ಅಲ್ಲಿ ಚಲಾವಣೆಯಲ್ಲಿದ್ದುವು.

ಮಿನಾಂಡರನ ಬೆಳ್ಳಿ ದ್ರಖ್ಮದ ತೂಕ ಸುಮಾರು 2.4 ಗ್ರಾಂ. ಮುಮ್ಮುಖದಲ್ಲಿ ಅರಸನ ಶಿರ ಹಾಗೂ ಗ್ರೀಕ್ ಲಿಪಿ. ಹಿಮ್ಮುಖದಲ್ಲಿ ಸಾಮಾನ್ಯವಾಗಿ ಸಿಡಿಲನ್ನೆತ್ತಿದ ಅಥೇನಾ ದೇವಿ, ಸುತ್ತಲೂ ಖರೋಷ್ಠಿಯಲ್ಲಿ 'ಮಹಾರಾಜಸ ತ್ರಾತಾರಸ ಮೆನಂದ್ರಸ'. ಈ ಮಾದರಿಯನ್ನನುಸರಿಸಿದ ಪಶ್ಚಿಮ ಕ್ಷತ್ರಪರಲ್ಲಿ ನಹಪಾನನು ಗ್ರೀಕ್ ಅಕ್ಷರಗಳಲ್ಲಿ ಪ್ರಾಕೃತವನ್ನೇ ಬರೆಯಿಸಿದನು. ಮುಂದಿನವರ ನಾಣ್ಯಗಳಲ್ಲಿ ಆ ಅಕ್ಷರಗಳು ಅರ್ಥಗೆಟ್ಟು ಬರಿಯ ಅಲಂಕಾರವಾದುವು. ಅವನ್ನು ಖೋಟಾ ಎನ್ನಲಾಗದು. ಅವು ರಾಜಮುದ್ರೆಯ ನಾಣ್ಯಗಳೇ. ತಾಮ್ರಕ್ಕೆ ಬೆಳ್ಳಿಯ ಹೊದಿಕೆಯಿತ್ತು ಮೋಸಗೈದದ್ದು ಮಾತ್ರ ಅಂದಿನ ಖೋಟಾ. ತೂಕ ಕಡಿಮೆ, ಸವೆದಲ್ಲಿ ಕೆಂಪು ಕಾಣುವುದು.

ಇಂದಿನ ನಕಲು ಬಹುಮಟ್ಟಿಗೆ ಎರಕ. ಅಚ್ಚೊತ್ತಿದ ನಾಣ್ಯದ ಅಕ್ಷರಗಳು ಚೂಪು, ಎರಕದವು ಮೊಂಡು. ಮೈಮೇಲೆ ಗುಳ್ಳೆಯೊಡೆದ ಸಣ್ಣ ಕುಳಿಗಳು, ಅಂಚಿನ ಸುತ್ತ ಅಚ್ಚು ಕೂಡಿದ ಗೆರೆ. ಭೂತಗನ್ನಡಿಯಲ್ಲಿ ಮೊದಲು ಅಂಚನ್ನೇ ನೋಡಬೇಕು.

ನಾನು ಹಾಗೆ ನೋಡಲಿಲ್ಲ. ಅಹಮದಾಬಾದಿನಲ್ಲಿ ಒಂದು ತಿಂಗಳ ಉಳಿತಾಯವನ್ನಿತ್ತು 'ಮಿನಾಂಡರ'ನೊಬ್ಬನನ್ನು ಕೊಂಡೆ. ಮರುವರ್ಷ ಬೇರೊಂದು ಅಂಗಡಿಯಲ್ಲಿ ಅವನ ಅವಳಿಯನ್ನು ಕಂಡೆ: ಕಿವಿಯ ಬಳಿ ಅದೇ ಗೀರು, ಅಂಚಿನಲ್ಲಿ ಅದೇ ಮುಕ್ಕು. ಬ್ಯಾಂಕಿನವನಿಗೆ ಬೇರೆ ಪುರಾವೆ ಬೇಕೆ? ಒಂದೇ ಸಂಖ್ಯೆಯ ಎರಡು ನೋಟು!